ನಾಲ್ಕೂಕಾಲಿಗೆ ಎತ್ತಿಟ್ಟ ರಾಟೆ

ಹರಿಯಬ್ಬೆ
21-11-1976, ಭಾನುವಾರ

ಪ್ರೀತಿಯ ಮಗಳು ಏಕನಾಥಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ನಿನ್ನ ಅವ್ವ ಕ್ಷೇಮ, ಎಮ್ಮೆ ಕ್ಷೇಮ, ನಮ್ಮ ಶಾಲೆಯ ಸೋರುವ ಹೆಂಚುಗಳೂ ಕ್ಷೇಮ. ನನ್ನ ವಿಷಯ ಆಮೇಲೆ ಬರೆಯುತ್ತೇನೆ.

ಮೊದಲು ನಿನ್ನಿಂದ ಬೈಸಿಕೊಳ್ಳುವ ಕೆಲಸ ಮುಗಿಸಿಬಿಡುತ್ತೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಇನ್‌ಸ್ಪೆಕ್ಟರು ಬಂದಿದ್ದರು, ಮಕ್ಕಳ ಪರೀಕ್ಷೆ ಇತ್ತು ಎಂದೆಲ್ಲ ನೆಪ ಹೇಳಬಹುದು. ಅವೂ ಸುಳ್ಳಲ್ಲ. ಆದರೆ ನಿಜವಾದ ಕಾರಣ ಬೇರೆ. ನೀನು ಕಾಗುಣಿತ ತಿದ್ದಲು ಬಿಟ್ಟುಹೋದ ವರದಿಯ ಕರಡಿನಲ್ಲಿ ನಾಲ್ಕನೇ ಪುಟಕ್ಕೆ ಬಂದಾಗ ನನ್ನ ಕೆಂಪು ಶಾಯಿ ನಿಂತುಬಿಟ್ಟಿತು. ಅದನ್ನೂ ಆಮೇಲೆ ಬರೆಯುತ್ತೇನೆ. ಈ ಮೇಷ್ಟ್ರುಗಳಿಗೆ ಎಲ್ಲವೂ ಆಮೇಲೆಯೇ ಎಂದು ನಗಬೇಡ.

ಬಿ.ಎ. ಕೊನೆಯ ವರ್ಷಕ್ಕೆ ಹೆಂಗಸರ ದುಡಿಮೆಯ ಬಗ್ಗೆ ಓದುವ ಈ ಹೊಸ ವಿಷಯ ತೆಗೆದುಕೊಂಡೆ ಎಂದು ನೀನು ಹೇಳಿದ ದಿನ ನಾನು ಕೂಗಾಡಿದ್ದು ನೆನಪಿದೆಯಾ? "ಇತಿಹಾಸ ಅಂದ್ರೆ ಇತಿಹಾಸ, ಅರ್ಥಶಾಸ್ತ್ರ ಅಂದ್ರೆ ಅರ್ಥಶಾಸ್ತ್ರ. ಅವೆರಡಕ್ಕೆ ಸಮಾಜಶಾಸ್ತ್ರನೂ ಕಲಸಿ ಹೆಣ್ಣು ಗಂಡು ಅಂತ ಓದ್ತೀನಿ ಅಂತೀಯಲ್ಲ, ಅದೇನು ಚಿತ್ರಾನ್ನಾನಾ?" ಅಂದಿದ್ದೆ. ಹನ್ನೊಂದು ಹುಡುಗಿಯರಿಗಾಗಿ ಮೂವರು ಉಪನ್ಯಾಸಕರು ಸೇರಿ ಪಾಠ ಮಾಡುವುದು, ಈ ವರ್ಷ ಚೆನ್ನಾಗಿ ನಡೆಯದಿದ್ದರೆ ಮುಂದಿನ ವರ್ಷ ನಿಲ್ಲಿಸಿಬಿಡುವುದು, ಇಂಥದ್ದಕ್ಕೆ ಮಗಳು ಹೋಗಿ ಸೇರಿಕೊಂಡಳಲ್ಲ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಇಪ್ಪತ್ತಾರು ವರ್ಷ ಪಾಠ ಹೇಳಿದವನು ಮಗಳ ಪಠ್ಯದ ಮುಂದೆ ಕೈಕಟ್ಟಿ ಕೂತಿದ್ದೇನೆ.

ಚಂದ್ರವಳ್ಳಿಯ ಕೆರೆ ಶಾಸನ ತೋರಿಸಲು ಕರೆದುಕೊಂಡು ಹೋದಾಗ ನಿಮ್ಮ ಇತಿಹಾಸದ ಮೇಡಂ ಕೇಳಿದ ಪ್ರಶ್ನೆಯನ್ನು ನೀನು ಬರೆದಿದ್ದೆಯಲ್ಲ, "ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ, ಮಣ್ಣು ಹೊತ್ತವರಲ್ಲಿ ಹೆಂಗಸರು ಎಷ್ಟು ಜನ?" ಅಂತ. ಅದನ್ನು ನಾನು ನಮ್ಮ ಏಳನೇ ಕ್ಲಾಸಿನಲ್ಲಿ ಕೇಳಿದೆ. ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟರು. ನಾನೂ ಬಿಟ್ಟೆ.

ಹೊಸದುರ್ಗದಿಂದ ನಿನ್ನ ಸೋದರಮಾವ ಮುದ್ದಣ್ಣ ಬಂದಿದ್ದ. ಬಂದವನು ಚೀಲ ಇಳಿಸುವ ಮುಂಚೆಯೇ ಶುರುಮಾಡಿದ: "ಅಲ್ಲ ಭಾವ, ಹೆಂಗಸ್ರು ಏನ್ ಮಾಡ್ತಾರೆ ಅಂತ ಓದಾಕೆ ದುರ್ಗದ ಕಾಲೇಜಿಗೆ ಹೋಗ್ಬೇಕಾ? ನಮ್ಮನೇಲಿ ನಾಕು ಜನ ಅದಾರೆ. ಬಂದು ನೋಡ್ಕಂಡು ಹೋಗ್ಲಿ, ಪುಗಸಟ್ಟೆ!"

ನಿನ್ನ ಅವ್ವ ಒಳಗಿನಿಂದಲೇ ಕೇಳಿದಳು: "ಲೇ ತಮ್ಮ, ನೀನು ಮೂವತ್ತು ವರ್ಷದಿಂದ ಅವ್ರನ್ನ ನೋಡ್ತಾ ಇದೀಯಲ್ಲ, ಪಾಸಾದ್ಯಾ?"

ಮುದ್ದಣ್ಣ ಕಕ್ಕಾಬಿಕ್ಕಿಯಾಗಿ ತಂಬಿಗೆ ತೆಗೆದುಕೊಂಡು ಕಾಲು ತೊಳೆಯಲು ಹೋದ. ನಾನು ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡೆ. ನನ್ನ ಸರದಿಯೂ ಬರಲಿದೆ ಎಂದು ಆಗ ಹೊಳೆಯಲಿಲ್ಲ.

ದೀಪಾವಳಿ ಕಳೆದ ಸೋಮವಾರ ನೀನು ಕಾಲೇಜಿನಿಂದ ಕೇಳಿ ತಂದ ಕೈಗಡಿಯಾರ ಕಟ್ಟಿಕೊಂಡು, ನೋಟ್‌ಬುಕ್ಕು ಹಿಡಿದು ನಿನ್ನ ಅವ್ವನ ಹಿಂದೆ ಹೊರಟೆಯಲ್ಲ, ಆ ಬೆಳಗ್ಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಲು ಗಂಟೆಗೊಮ್ಮೆ ಅವಳು ಏನು ಮಾಡುತ್ತಿದ್ದಾಳೆ ಎಂದು ಬರೆಯುವುದು ನಿನ್ನ ಕೆಲಸ. ಅವಳಿಗೋ ನಾಚಿಕೆ. "ಕುಂತಿದ್ದು ನಿಂತಿದ್ದು ಎಲ್ಲಾ ಬರ್ಕಂತೀಯಲ್ಲೇ, ಈಗ ಸೀನಿದೆ, ಅದನ್ನೂ ಬರ್ಕ" ಎಂದಳು. ನೀನು ಗಂಭೀರವಾಗಿ ಅದನ್ನೂ ಬರೆದೆ. ಹತ್ತು ಗಂಟೆಗೆ ನಾನು ಶಾಲೆಗೆ ಹೊರಟೆ. ಆಮೇಲಿನದು ನನಗೆ ತಿಳಿದದ್ದು ನಿನ್ನ ಕರಡಿನಿಂದ.

ಸಂಜೆ ನಿನ್ನ ಜೊತೆ ಹಟ್ಟಿಗೆ, ನಮ್ಮ ರಂಗಪ್ಪನ ಮಗ್ಗದ ಮನೆಗೆ ನಾನೂ ಬಂದೆ. ರಂಗಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕಂಬಳಿ ನೇಯುತ್ತಿದ್ದ. ಆ ಗುಂಡಿಗೆ ಹೆಂಗಸರು ಇಳಿಯುವುದಿಲ್ಲ, ಮೊದಲಿನಿಂದ ಬಂದ ಕಟ್ಟುಪಾಡು. ಹಾಗಾಗಿ ನೇಕಾರ ಎಂದರೆ ಗಂಡಸು. ಎಲ್ಲರಿಗೂ ಗೊತ್ತಿರುವ ಸಂಗತಿ, ಇದರಲ್ಲಿ ಕೇಳುವುದೇನಿದೆ ಎಂದು ನಾನು ಗೋಡೆಗೆ ಒರಗಿ ಕೂತೆ.

"ಮಾಮ, ಒಂದು ಕಂಬಳಿಗೆ ಎಷ್ಟು ದಿನ ಬೇಕು?" ಎಂದೆ ನೀನು.

"ಎಲ್ಡು ದಿನ ಕಣವ್ವ" ಎಂದ ರಂಗಪ್ಪ.

ಹಿತ್ತಿಲಿನಲ್ಲಿ ನೂಲಿಗೆ ಬಳಿಯುವ ಹುಣಸೆ ಬೀಜದ ಗಂಜಿ ತಿರುವುತ್ತಿದ್ದ ಅವನ ಹೆಂಡತಿ ಚಿತ್ತಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಉಣ್ಣೆ ಬಿಡಿಸಾಕೆ, ನೂಲಾಕೆ ಹದಿನೈದು ದಿನ. ಮಗ್ಗಕ್ಕೆ ನೂಲಿನ ಹಾಸು ಹಾಕಾಕೆ ಒಂದಿನ. ಬೀಜ ಹುರ್ದು ನೆನಸಿ, ಅರ್ದು, ಗಂಜಿ ಕಾಯ್ಸಿ ಬಳಿಯಾಕೆ ಎಲ್ಡು ದಿನ. ಅವೆಲ್ಲ ಯಾರ್ ದಿನ ಹಂಗಾರೆ?"

ರಂಗಪ್ಪ ಲಾಳಿ ಹಿಡಿದ ಕೈಯಲ್ಲೇ ತಲೆ ಕೆರೆದುಕೊಂಡ. "ಹೌದಲ್ಲ!" ಎಂದ. ಅವನು ಕಂಬಳಿ ನೇಯಲು ಕೂತು ಮೂವತ್ತು ವರ್ಷವಾಗಿರಬೇಕು.

ಅದೊಂದು ಮಾತಿನಿಂದ ನೀನು ಬರೆದಿರುವ ಆರು ಪುಟ ಇದೆಯಲ್ಲ ಮಗಳೇ, ಅದನ್ನು ನಾನು ಮೂರು ಸಲ ಓದಿದೆ. ಆ ಗುಂಡಿಯ ಕಟ್ಟು ಎಂದಿನದು ಎಂದು ಇತಿಹಾಸದಿಂದ ಕೇಳಿದ್ದೀಯ. ಹದಿನೆಂಟು ದಿನ ಯಾಕೆ ಲೆಕ್ಕಕ್ಕೆ ಬರಲಿಲ್ಲ ಎಂದು ಅರ್ಥಶಾಸ್ತ್ರದಿಂದ ಕೇಳಿದ್ದೀಯ. ಹೆಂಡತಿಯ ಕೆಲಸ ಕೇಳಿದರೆ ಗಂಡ ಯಾಕೆ ಉತ್ತರ ಕೊಡುತ್ತಾನೆ ಎಂದು ಸಮಾಜಶಾಸ್ತ್ರದಿಂದ ಕೇಳಿದ್ದೀಯ. ಮೂರು ಎಳೆ ಸೇರಿಸಿ ಹುರಿ ಮಾಡಿದ ಹಾಗೆ ಬಂದಿದೆ. ನನ್ನ ಮಗಳು ಇಷ್ಟು ಚೆನ್ನಾಗಿ ಯೋಚಿಸುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಹೆಮ್ಮೆಯಾಯಿತು. ಎದುರಿಗೆ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಗುಣಿತದ ತಪ್ಪು ಹದಿನಾಲ್ಕು ಇವೆ, ಅದು ಬೇರೆ ಮಾತು.

ಇನ್ನು ನಿನ್ನ ಕಾಗದದಲ್ಲಿದ್ದ ಪ್ರಶ್ನೆಗೆ ಬರುತ್ತೇನೆ. ನೀನು ಕೇಳಿದ್ದೀಯ: "ಎಪ್ಪತ್ತೊಂದರ ಜನಗಣತಿಯಲ್ಲಿ ನಮ್ಮ ಹಟ್ಟಿಯ ಹೆಂಗಸರಿಗೆಲ್ಲ ದುಡಿಮೆ ಇಲ್ಲ ಅಂತ ಬರೆದುಕೊಂಡು ಹೋದ ಪುಣ್ಯಾತ್ಮ ಯಾರು ಅಪ್ಪ? ವಿಚಾರಿಸಿ ಹೇಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದನಾ ಅಂತ ಕೇಳಬೇಕು. ಅವನ ಮಾತಿಲ್ಲದೆ ನನ್ನ ವರದಿ ಅರ್ಧವೇ. ಮೂವತ್ತನೇ ತಾರೀಖು ಎಲ್ಲರ ಮುಂದೆ ಓದಬೇಕು."

ವಿಚಾರಿಸುವ ಕಷ್ಟವೇನೂ ಇರಲಿಲ್ಲ. ಆ ಪುಣ್ಯಾತ್ಮ ಬದುಕಿದ್ದಾನೆ. ಅದೇ ಪೆನ್ನಿನಿಂದ ನಿನಗೆ ಈ ಕಾಗದ ಬರೆಯುತ್ತಿದ್ದಾನೆ.

ಆಗ ನೀನು ಹಿರಿಯೂರಿನ ಹಾಸ್ಟೆಲಿನಲ್ಲಿದ್ದೆ, ಒಂಬತ್ತನೇ ಕ್ಲಾಸು. ಮಾರ್ಚ್ ತಿಂಗಳ ಬಿಸಿಲು. ಗಣತಿಗೆ ಮೇಷ್ಟ್ರುಗಳನ್ನೇ ಹಾಕಿದ್ದರು, ಹಟ್ಟಿಯೂ ನಮ್ಮ ಬೀದಿಯೂ ನನ್ನ ಪಾಲಿಗೆ ಬಂದವು. ರಂಗಪ್ಪನ ಮನೆಯಲ್ಲಿ ನನಗೆ ಕೂರಲು ಜಾಗ ಮಾಡಿಕೊಡಲು ಚಿತ್ತಮ್ಮ ಗಂಜಿಯ ಮಡಕೆಯನ್ನೂ ನೂಲಿನ ಉಂಡೆಗಳನ್ನೂ ಪಕ್ಕಕ್ಕೆ ಸರಿಸಿದಳು. ಅವನ್ನು ಸರಿಸಿದ ಜಾಗದಲ್ಲೇ ಕೂತು ನಾನು ರಂಗಪ್ಪನನ್ನು ಕೇಳಿದೆ, "ಇವಳ ಕೆಲಸ?" ರಂಗಪ್ಪ ಹೇಳಿದ, "ಅವಳದೇನೈತೆ ಮೇಷ್ಟ್ರೇ, ಮನೇಲಿರ್ತಾಳೆ." ನಾನು ಮನೆವಾರ್ತೆ ಎಂದು ಬರೆದೆ. ಪಕ್ಕದಲ್ಲಿ ಬೇರೆ ದುಡಿಮೆ ಎಂಬ ಕಡೆ ಒಂದು ಗೀಟು ಎಳೆದೆ.

ಅದೇ ಹಟ್ಟಿಯ ಕಾಳಕ್ಕನ ಮನೆಯಲ್ಲಿ ಗಂಡಸರು ಕುರಿ ಹಿಂದೆ ಹೋಗಿದ್ದರು. ಗಂಡನ ಹೆಸರು ಹೇಳಮ್ಮ ಎಂದರೆ ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. ಗಂಡನ ಹೆಸರು ಹೇಳಬಾರದಲ್ಲ! ಪಕ್ಕದ ಮನೆಯ ಮುದುಕಿ ಬಂದು ಹೇಳುವ ತನಕ ಅರ್ಧ ಗಂಟೆ ಕಾದೆ. ಕಾಳಕ್ಕನ ಕೆಲಸ ಏನು ಎಂದು ಕೇಳಲು ಅರ್ಧ ನಿಮಿಷ ಕಾಯಲಿಲ್ಲ. ಅವಳಿಗೂ ಗೀಟು. ಹೀಗೆ ಇಡೀ ಹಟ್ಟಿಗೆ ಗೀಟು ಎಳೆದುಕೊಂಡು ಬಂದೆ. ಗುಡ್ಡಪ್ಪ ಮೇಷ್ಟ್ರ ಹಾಳೆಗಳು ಬಹಳ ಅಚ್ಚುಕಟ್ಟು ಎಂದು ತಾಲೂಕು ಕಚೇರಿಯಲ್ಲಿ ಹೊಗಳಿದರು. ಸ್ಕೇಲು ಇಟ್ಟು ಎಳೆದ ಗೀಟುಗಳು. ಬಸ್ಸಿನಲ್ಲಿ ಎದೆ ಉಬ್ಬಿಸಿಕೊಂಡು ವಾಪಸು ಬಂದೆ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರಲಿಲ್ಲ ಮಗಳೇ, ಕನ್ನಡಕವನ್ನೇ ಹಾಕಿಕೊಂಡಿದ್ದೆ. ಹೆಂಗಸು ಕೆಲಸ ಮಾಡುತ್ತಾ ಕೂತಿದ್ದರೆ ಅವಳು ಕೂತಿದ್ದಾಳೆ ಎಂದಷ್ಟೇ ನನಗೆ ಕಂಡಿತು.

ನಿನ್ನ ವರದಿಯಲ್ಲಿ ನನ್ನ ಹೆಸರನ್ನೇ ಹಾಕು. "ಒಬ್ಬ ಶಿಕ್ಷಕರು" ಎಂದು ಬರೆದು ನನ್ನನ್ನು ಮರೆಮಾಡಬೇಡ. ಅಪ್ಪನ ಮರ್ಯಾದೆ ಹೋಗುತ್ತದೆ ಎಂದು ಹೆದರಿ ನೀನು ಆ ಪುಟ ಕೈಬಿಟ್ಟರೆ ನಾನು ಎರಡನೇ ಸಲ ಗೀಟು ಎಳೆದ ಹಾಗಾಗುತ್ತದೆ. ಮೂವತ್ತನೇ ತಾರೀಖು ರಜೆ ಹಾಕಿ ಮೊದಲ ಬಸ್ಸಿಗೆ ದುರ್ಗಕ್ಕೆ ಬರುತ್ತೇನೆ. ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಆ ಗಣತಿದಾರ ಯಾರು ಎಂದು ಯಾರಾದರೂ ಕೇಳಿದರೆ ಎದ್ದು ನಿಲ್ಲುತ್ತೇನೆ. ನೀನು ಗಟ್ಟಿಯಾಗಿ ಓದು, ಸಾಲಿನ ಕೊನೆಗೆ ದನಿ ಇಳಿಸುವ ಅಭ್ಯಾಸ ನಿನಗೆ ಚಿಕ್ಕಂದಿನಿಂದಲೂ ಇದೆ.

ತಿದ್ದಿದ ಕರಡನ್ನು ಇದರ ಜೊತೆಯಲ್ಲೇ ಕಳಿಸುತ್ತಿದ್ದೇನೆ. ನಿನ್ನ ಅವ್ವ ಹುರಿಗಡಲೆ ಉಂಡೆ ಮಾಡಿಟ್ಟಿದ್ದಾಳೆ, ಬರುವಾಗ ತರುತ್ತೇನೆ. ಹನ್ನೊಂದು ಹುಡುಗಿಯರಿಗೂ ಹಂಚು. ನೀವು ಹನ್ನೊಂದು ಜನವೂ ಕೇಳುವುದನ್ನು ಬಿಡಬೇಡಿ, ನಮ್ಮಂಥವರು ಕೂಗಾಡಿದರೂ ಬಿಡಬೇಡಿ. ನಿನಗೆ ಹೆಸರು ಕೊಟ್ಟ ದುರ್ಗದ ಏಕನಾಥಮ್ಮ ತಾಯಿ ನಿನ್ನನ್ನು ಕಾಯಲಿ, ನಿನ್ನ ಕಣ್ಣು ಹೀಗೇ ಚುರುಕಾಗಿರಲಿ.

ನಿನ್ನ ಅಪ್ಪ,
ಗುಡ್ಡಪ್ಪ

ತಾ.ಕ.: ನಾಲ್ಕನೇ ಪುಟದ ವಿಷಯ ಬರೆಯದೆ ಕಾಗದ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಆಗಲಿಲ್ಲ.

ಆ ಪುಟದಲ್ಲಿ ನೀನು ಬರೆದಿದ್ದೀಯ: "10-30, ಅವ್ವ ಗುಡಾಣದ ಹಿಂದಿನಿಂದ ರಾಟೆ ತೆಗೆದಳು. 10-45, ನೂಲು. 11-00, ನೂಲು." ಹೀಗೆ ಪುಟದ ತುಂಬ ನೂಲು, ನಡುವೆ ಒಂದು ಊಟ. ಕೊನೆಗೆ, "4-15, ರಾಟೆ ಎತ್ತಿಟ್ಟಳು, ಸೆರಗು ಕೊಡವಿಕೊಂಡಳು. 4-30, ಅಪ್ಪ ಬಂದ. ಕಾಫಿ."

ನಿನ್ನ ಅವ್ವ ನೂಲುವುದನ್ನು ಬಿಟ್ಟು ಐದು ವರ್ಷವಾಯಿತು ಎಂದೇ ನಾನು ತಿಳಿದಿದ್ದೆ. ಕಾಳು ತುಂಬಿಡುವ ಗುಡಾಣದ ಹಿಂದೆ ಆ ರಾಟೆಯನ್ನು ದಿನಾ ನೋಡುತ್ತಿದ್ದೆ, ಮೂಲೆಗೆ ಹಾಕಿದ ವಸ್ತು ಎಂದುಕೊಂಡಿದ್ದೆ. ಅದರ ಮೇಲೆ ಧೂಳಿಲ್ಲ ಎಂಬುದನ್ನು ನೋಡಲಿಲ್ಲ. ಮೇಷ್ಟ್ರ ಹೆಂಡತಿ ಇನ್ನೂ ಯಾಕೆ ನೂಲಬೇಕು, ಬಿಟ್ಟದ್ದೇ ಒಳ್ಳೆಯದಾಯಿತು ಎಂದು ಊರಿನಲ್ಲಿ ಹೇಳಿಕೊಂಡು ಬೇರೆ ತಿರುಗಿದೆ.

ಗಣತಿಯಲ್ಲಿ ಕೊನೆಗೆ ತುಂಬಿದ್ದು ನಮ್ಮ ಮನೆಯ ಹಾಳೆ. ಅವಳು ಮಾರು ದೂರದಲ್ಲಿ ಕೂತು ನೂಲುತ್ತಿದ್ದಳು. ನಾನು ಅವಳನ್ನು ಒಂದು ಮಾತೂ ಕೇಳದೆ ಎಲ್ಲವನ್ನೂ ಬರೆದುಕೊಂಡೆ. "ನನ್ ಹೆಸ್ರಿಗೆ ಏನ್ ಬರದ್ರಿ?" ಎಂದಳು. "ನಿಂದೇನೈತೆ ಬರಿಯಾಕೆ, ಗೀಟು ಎಳ್ದೆ" ಎಂದು ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಮನೆಯಲ್ಲಿ ರಾಟೆಯ ಸದ್ದು ನಾನು ಕೇಳಲಿಲ್ಲ.

ಪುಟ ಓದಿ ಒಂದು ವಾರವಾಯಿತು. ಆಮೇಲೆ ನಿನ್ನ ಅವ್ವನನ್ನು ಹೆಸರು ಹಿಡಿದು ಕರೆದು ಕೇಳಿದೆ, "ಬರಗೇರಿ, ನನ್ ಮುಂದೆ ಯಾಕೆ ನೂಲಲ್ಲ ನೀನು?" ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಇಲ್ಲದ ಕೆಲ್ಸ ನಿಮ್ ಕಣ್ಣಿಗೆ ಯಾಕೆ ಬೀಳ್ಬೇಕು ಅಂತ ಎತ್ತಿಡ್ತೀನಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ತಪ್ಪಾಯಿತು ಎಂದೆ. "ಆತು ಬಿಡ್ರಿ" ಎಂದು ಮೊರ ಕೊಡವಿಕೊಂಡು ಒಳಗೆ ಹೋದಳು.

ಇವತ್ತು ಬೆಳಗ್ಗೆ ರಾಟೆಯನ್ನು ನಾನೇ ಎತ್ತಿ ತಂದು ಪಡಸಾಲೆಯಲ್ಲಿ ಅವಳ ಚಾಪೆಯ ಮುಂದೆ ಇಟ್ಟಿದ್ದೇನೆ. ಅದರ ಪಕ್ಕದಲ್ಲೇ ಕೂತು ಈ ಕಾಗದ ಬರೆದೆ. ಅವಳು ಎರಡು ಸಲ ಅದನ್ನು ಮುಟ್ಟದೆ ಸುತ್ತಿಕೊಂಡು ಹೋದಳು. ಈಗ ಮಧ್ಯಾಹ್ನ ಮೂರು ಗಂಟೆ. ಇನ್ನೂ ಬಂದು ಕೂತಿಲ್ಲ.