ಯಾರಿಗ್ರೀ ಲ್ಯಾಪ್‌ಟಾಪು?

೧೦ ಜುಲೈ ೨೦೨೫, ಗುರುವಾರ

ಎರಡು ಲ್ಯಾಪ್‌ಟಾಪುಗಳಲ್ಲಿ ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ. ಬೆಲೆ ಹೆಚ್ಚುಕಡಿಮೆ ಒಂದೇ. ಚಿಕ್ಕದು ನನ್ನ ಚೀಲದಲ್ಲಿ ಕೂರುತ್ತದೆ, ನಾಗಾವಿಯ ಎಂ.ಎ. ಕ್ಲಾಸಿಗೆ ಬಸ್ಸಿನಲ್ಲಿ ನಿಂತುಕೊಂಡೂ ಒಯ್ಯಬಹುದು. ದೊಡ್ಡದರ ಪರದೆ ಚೆಂದ, ಭಾರ ಕಲ್ಲಿನಷ್ಟು.

ಗದಗದ ಅಂಗಡಿಯವನು ನನ್ನನ್ನೇ ನೋಡಿ, "ಯಾರಿಗ್ರೀ ಅಕ್ಕಾರ?" ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮನೆಯವರು, "ಮನಿಗ್ರೀ. ದೊಡ್ಡದ ಕೊಡ್ರಿ, ಎಲ್ಲಾರೂ ಕುಂತು ನೋಡಾಕ ಬರತೈತಿ" ಅಂದುಬಿಟ್ಟರು.

ಟಿವಿ ಮನೆಗೆ ಬಂತು, ಮಿಕ್ಸರ್ ಮನೆಗೆ ಬಂತು. ಇವರ ಬೈಕನ್ನು ಮಾತ್ರ ಯಾರೂ ಮನೆಯದು ಅನ್ನುವುದಿಲ್ಲ.

ನಾಳೆ ದುಡ್ಡು ಕೊಟ್ಟು ತರಲು ಹೋದಾಗ ಅಂಗಡಿಯವನು ಮತ್ತೆ ಕೇಳಿದರೆ "ನನಗ್ರೀ" ಅನ್ನಬೇಕು. ಈಗಲೇ ಮೆಲ್ಲಗೆ ಅಂದು ನೋಡಿದೆ.

ಪಕ್ಕದಲ್ಲಿ ಮಲಗಿದ್ದ ಇವರು ಮಗ್ಗುಲು ಬದಲಿಸಿ, "ಏನಂದಿ?" ಎಂದರು.

"ಏನಿಲ್ರಿ" ಅಂದೆ.

ಯಾಕೆ ಹಾಗೆ ಅಂದೆನೋ! ನಿದ್ದೆ ಬರುತ್ತಿಲ್ಲ. ಎಬ್ಬಿಸಿ ಹೇಳಿಬಿಡಲೇ, ಚಿಕ್ಕದು, ನನಗೆ...