ಆರ್ಡಿಸ್ ಎಂಬ ಕಾಡುಬೆಕ್ಕು

ಮೊಂಟಾನಾ,
ಅಕ್ಟೋಬರ್ 1958

ಗ್ರಂಥಾಲಯದ ಮಿಸ್ ಥಾರ್ಸನ್ ಅವರಿಗೆ,

ನೀವು ದೂರದೂರಿನಿಂದ ತರಿಸಿಕೊಟ್ಟ ಕೋವಿ ತೋಟಾಗಳ ಪುಸ್ತಕದ ಗಡುವು ಮುಗಿದಿದೆ. ಬೈಯಬೇಡಿ, ಇನ್ನೊಂದು ವಾರ ಬಿಡಿ.

ಕೋವಿಯ ಹುಚ್ಚಿನ ನಮ್ಮ ಯಜಮಾನರು ಡೆಲ್ಬರ್ಟ್, ಅಂಗಡಿ ತೋಟಾದ ಹಿತ್ತಾಳೆ ಕೊಳವೆಯ ಕತ್ತು ಕಿರಿದು ಮಾಡಿ ತಮ್ಮದೇ ತೋಟಾ ಕಟ್ಟಿದವರು. ಎಲ್ಲೂ ಕೊಳ್ಳಲು ಸಿಗದ ಇಂಥವಕ್ಕೆ ಇಲ್ಲಿ ಕಾಡುಬೆಕ್ಕು ಅನ್ನುತ್ತಾರೆ. ಅದಕ್ಕೆ ನನ್ನ ಹೆಸರಿಟ್ಟು, ಲೋಕಕ್ಕೆಲ್ಲ ಇದೊಂದೇ ಎಂದು ಇಷ್ಟು ವರ್ಷ ಮೀಸೆ ತಿರುವಿದರು. ನಿಮ್ಮ ಪುಸ್ತಕ ತೆರೆದರೆ, ಅದೇ ಅಳತೆಯ ತೋಟಾ! ಐಡಾಹೊದ ಕ್ಲೈಡ್ ಎಂಬಾತ ಮೊದಲೇ ಮಾಡಿ ತನ್ನ ಹೆಂಡತಿಯ ಹೆಸರಿಟ್ಟಿದ್ದಾನೆ: ಮೇಬೆಲ್.

ಇವರ ಮುಖ ಬಾಡೀತು ಅಂದುಕೊಂಡೆ. ಮೇಜು ಕುಟ್ಟಿ ನಕ್ಕರು. "ಲೇ ಆರ್ಡಿಸ್, ನನ್ನಂಥ ಹುಚ್ಚ ಇನ್ನೊಬ್ಬ ಇದಾನೆ ಕಣೇ!"

"ಹಾಗಾದ್ರೆ ನನ್ನಂಥೋಳೂ ಇನ್ನೊಬ್ಬಳಿದಾಳೆ, ಪಾಪ," ಅಂದೆ.

ಕ್ಲೈಡ್‌ಗೆ ಕಾಗದ ಹೋಯಿತು, ಉತ್ತರವೂ ಬಂತು. ಶನಿವಾರ ಕ್ಲೈಡ್, ಮೇಬೆಲ್ ಇಬ್ಬರೂ ಬರುತ್ತಿದ್ದಾರೆ. ಗಂಡಸರು ಬೇಟೆಗೆ ಹೋಗಲಿ. ಪುಸ್ತಕ ಬೇಕಾಗಿರುವುದು ನಮಗೆ. ಆ ಪುಟ ತೆರೆದಿಟ್ಟು, ಹಕಲ್‌ಬೆರಿ ಹಣ್ಣಿನ ಪೈ ತಿನ್ನುತ್ತ, ತೋಟಾಕ್ಕೆ ಯಾರ ಹೆಸರು ಉಳಿಯಬೇಕೆಂದು ನಾನೂ ಮೇಬೆಲ್ಲೂ ಜಗಳವಾಡಬೇಕು. ನ್ಯಾಯ ಹೇಳಲು ನೀವೂ ಬನ್ನಿ. ಬರುವಾಗ ಪುಸ್ತಕಕ್ಕೆ ಹೊಸ ಗಡುವು ಒತ್ತಲು ಮುದ್ರೆಯನ್ನೂ ತನ್ನಿ.

ಇತಿ,
ಆರ್ಡಿಸ್
(ತೋಟಾ ಅಲ್ಲ, ಹೆಂಡತಿ)