ಕೈ ಬಿಡು ಅಂದದ್ದು

ಅಮ್ಮಾ,

ಹಿಟ್ಟು ನಾದುವಾಗ ನನ್ನ ಮುಂಗೈ ಸ್ನಾಯು ಬೇಕಾದದ್ದಕ್ಕಿಂತ ಎರಡು ಪಟ್ಟು ಬಿಗಿಯುತ್ತದಂತೆ. ಹೇಳಿದವರು ತರಬೇತಿ ಶಾಲೆಯ ಶಿಕ್ಷಕಿ. ತೋಳಿಗೆ ವೈರು ಅಂಟಿಸಿ, ಪರದೆಯ ಮೇಲೆ ಬಿಗಿತದ ಗೆರೆ ತೋರಿಸಿದರು. ನೀನು ಹೋದ ಮೇಲೆ ಮುಚ್ಚಿದ ನಿನ್ನ ಬೇಕರಿ ಮತ್ತೆ ತೆರೆಯೋಣವೆಂದು ಮೂರು ವಾರದಿಂದ ಕಲಿಯುತ್ತಿದ್ದೇನೆ. ಗೆರೆ ಇಳಿಯುತ್ತಿಲ್ಲ.

“ಹಿಟ್ಟಿನ ಮೇಲೇನು ಹಗೆ ನಿಮಗೆ? ಕೈ ಬಿಡಿ!” ಅಂದರು.

ನಾನು ಏಪ್ರನ್ ಬಿಚ್ಚತೊಡಗಿದೆ.

“ಅಯ್ಯೋ, ಬಿಟ್ಟು ಹೋಗಿ ಅಂದಿಲ್ಲ ಸ್ವಾಮಿ. ಕೈ ಸಡಿಲ ಬಿಡಿ ಅಂದೆ.”

ಪಕ್ಕದ ಮೇಜಿನವರೆಲ್ಲ ನಕ್ಕರು.

ಅಂದು ಬೇಕರಿಯಲ್ಲಿ ನಾನು ಹಿಟ್ಟು ನಾದುವಾಗ ನೀನೂ ಹಾಗೇ ಕೂಗಿದ್ದೆ: “ಎಷ್ಟು ಸಲ ಹೇಳಲಿ, ಕೈ ಬಿಡೋ!” ಏಪ್ರನ್ ಮೇಜಿನ ಮೇಲೆಸೆದು ಹೋದವನು ಹನ್ನೊಂದು ವರ್ಷ ಆ ಬಾಗಿಲು ತುಳಿಯಲಿಲ್ಲ. ಇನ್ನೊಂದು ಪದ ಸೇರಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ವೈರು ಅಂಟಿಸಿ ಅಳೆಯುತ್ತಾರೆ.